ಪರೀಕ್ಷೆ ಬಿಟ್ಟು ಎದ್ದುಹೋದ ಭರಮಮ್ಮ

ನಮ್ಮ ಕ್ರೈಸ್ತ ಸಭೆಗಳ ಮಾನ್ಯ ಮೇಲ್ವಿಚಾರಕರೇ,

ಸತ್ಯಬೋಧನೆಯ ಪರೀಕ್ಷೆಯಲ್ಲಿ ತಾವು ಭರಮಮ್ಮನನ್ನು ನಪಾಸು ಮಾಡಿದ್ದು ತಪ್ಪು. ನನಗೆ ನೂರಕ್ಕೆ ತೊಂಬತ್ತೆಂಟು ಕೊಟ್ಟು ಮೊದಲಿಗನನ್ನಾಗಿ ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಇದನ್ನು ಬರೆಯುವಾಗ ನಗು ತಡೆಯಲಾಗುತ್ತಿಲ್ಲ. ಅಕ್ಷರ ಸೊಟ್ಟಗಿದ್ದರೆ ಮನ್ನಿಸಿ.

ಊರೂರಿಗೆ ಸುಳ್ಳು ಬೋಧಕರು ಬರುತ್ತಿದ್ದಾರೆ, ದೇವರ ಬೋಧನೆ ಯಾವುದೆಂದು ಗುರುತಿಸಬಲ್ಲವರೇ ಇನ್ನು ಮುಂದೆ ಪ್ರಾರ್ಥನೆ ನಡೆಸಬೇಕು ಎಂದು ತಾವು ಹರಪನಹಳ್ಳಿಗೆ ಬಂದು ಪರೀಕ್ಷೆ ಇಟ್ಟಿರಿ. ಕುರಿ ಕಾಯುವ ಭರಮಮ್ಮ ಹದಿನಾಲ್ಕು ವರ್ಷದಿಂದ ಹೆಂಗಸರ ಪ್ರಾರ್ಥನೆ ನಡೆಸಿಕೊಂಡು ಬಂದವಳು, ಆದರೆ ಓದು ಬಾರದು. ಅವಳಂಥವರು ಬಾಯಲ್ಲೇ ಉತ್ತರಿಸಲೆಂದು ತಾವೇ ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿದಿರಿ. ನಾಲ್ಕನೆಯದು, ದೇವರಿಗೆ ಕಾಣಿಕೆ ಕೊಡುವ ಮುನ್ನ ಮುನಿಸಿಕೊಂಡವರ ಬಳಿ ಹೋಗಿ ರಾಜಿಯಾಗಬೇಕೆಂಬ ಬೋಧನೆಯನ್ನು ವಿವರಿಸಿ ಎಂದು. ಭರಮಮ್ಮ ಎದ್ದು ಹೊರಗೆ ಹೋದಳು. ತಾವು ಅವಳ ಹೆಸರಿನ ಮುಂದೆ ಸೊನ್ನೆ ಬರೆದಿರಿ. ನಾನು? ಎರಡು ಪುಟ ವಿವರಿಸಿದೆ!

ಮನೆಗೆ ಹೋದರೆ ನಮ್ಮ ಪಡಸಾಲೆಯಲ್ಲಿ ಭರಮಮ್ಮ ನನ್ನ ಹೆಂಡತಿ ಸೌಭಾಗ್ಯಳ ಜೊತೆ ಶೇಂಗಾ ಸುಲಿಯುತ್ತಾ ಕುಳಿತಿದ್ದಾಳೆ. ಏಳು ವರ್ಷದ ಹಿಂದೆ ಅವಳ ಕುರಿಗಳು ನಮ್ಮ ಮೆಕ್ಕೆಜೋಳ ಮೇಯ್ದಿದ್ದವು. ಅವತ್ತು ಬೀದಿಯಲ್ಲಿ ನಿಂತು ಅವಳಿಗೆ ಬೈದಿದ್ದೆ. ಆಮೇಲೆ ಎರಡು ಮನೆಗೂ ಮಾತಿರಲಿಲ್ಲ.

"ಮೇಷ್ಟ್ರೇ, ಕುರಿ ಬಿಟ್ಟಿದ್ದು ನನ್ನ ತಪ್ಪು. ಮನಸಿನ್ಯಾಗ ಇಟ್ಕಾಬ್ಯಾಡ್ರಿ," ಎಂದಳು.

"ಪರೀಕ್ಷೆ ಬಿಟ್ಟು ಬಂದ್ಯಲ್ಲವ್ವಾ?"

"ಹೋಗಿ ರಾಜಿ ಆಗು ಅಂತ ಅಯ್ಯನೋರು ಓದಿದ್ರಲ್ರಿ. ದೇವರ ಮಾತು ಕೇಳಿದ ಮ್ಯಾಲೂ ಅಲ್ಲೇ ಕುಂತಿರಾದು ಹೆಂಗ್ರಿ?"

ಮಾನ್ಯರೇ, ಕುರಿ ನುಗ್ಗಿದ ದಿನ ಹೊಲದ ಬೇಲಿಯ ಸಂದಿಗೆ ಮುಳ್ಳುಕಂಟಿ ಹಚ್ಚದೆ ಮನೆಗೆ ಬಂದವನು ನಾನೇ. ಏಳು ವರ್ಷ ಹೆಂಡತಿಗೂ ಹೇಳದ ಆ ಮಾತನ್ನು ಅಲ್ಲೇ ಹೇಳಿಬಿಟ್ಟೆ. ಸೌಭಾಗ್ಯ ಕೈಯಲ್ಲಿದ್ದ ಶೇಂಗಾ ನನ್ನ ಮೇಲೆ ಎಸೆದಳು. "ಇಷ್ಟು ವರ್ಷ ಬಾಯಿ ಮುಚ್ಕಂಡು ಇದ್ರೇನ್ರೀ!" ಭರಮಮ್ಮ ನಕ್ಕಳು ನೋಡಿ, ಕಣ್ಣಲ್ಲಿ ನೀರು ಬರುವ ತನಕ. ಮೂವರೂ ನಕ್ಕೆವು. ಅರವತ್ತಮೂರರ ನಾನು ಈಗ ಬಸ್ ಸ್ಟ್ಯಾಂಡಿನಲ್ಲೂ ಒಬ್ಬನೇ ನಗುತ್ತಾ ಓಡಾಡುತ್ತಿದ್ದೇನೆ.

ದೇವರ ಚಿತ್ತದಂತೆ ನಡೆಯಲು ಮನಸ್ಸಿದ್ದವನಿಗೆ ಬೋಧನೆ ದೇವರದೋ ಅಲ್ಲವೋ ತಿಳಿಯುತ್ತದೆ ಎಂದು ಯೇಸುಸ್ವಾಮಿಯೇ ಹೇಳಲಿಲ್ಲವೇ? ಹಾಗಾದರೆ ಅಂದು ಬೋಧನೆಯನ್ನು ಗುರುತಿಸಿದವರು ಯಾರು? ಕುಳಿತು ಬರೆದ ನಾನೋ? ಕೆಂಪು ಶಾಯಿಯಲ್ಲಿ ತಿದ್ದಿದ ತಾವೋ?

ಆ ಫಲಿತಾಂಶವನ್ನು ರದ್ದು ಮಾಡಿ. ಭರಮಮ್ಮನಿಗೆ ಪ್ರಾರ್ಥನೆ ನಡೆಸುವ ಹೊಣೆಯನ್ನು ಮರಳಿಸಿ. ತಡವಾದರೂ ಚಿಂತೆಯಿಲ್ಲ, ಭಾನುವಾರ ಹೆಂಗಸರೆಲ್ಲ ಅವಳ ಕುರಿಹಟ್ಟಿಯಲ್ಲೇ ಸೇರುತ್ತಾರಂತೆ. ಹಿಂದೆ ಕೂರಲು ನನಗೂ ಅಪ್ಪಣೆಯಾಗಿದೆ. ಬನ್ನಿ, ತಮಗೂ ಜಾಗ ಹಿಡಿದಿರುತ್ತೇನೆ.

ಇಂತಿ,
ಈ ವಯಸ್ಸಿನಲ್ಲಿ ಮತ್ತೆ ಒಂದನೇ ಕ್ಲಾಸಿಗೆ ಸೇರಿದ
ನಿವೃತ್ತ ಶಿಕ್ಷಕ ಕನಕರಾಜ