ಜಿಂಕೆಕೊಂಬಿನ ಚೂರಿ

ಸಿಂದಗಿ, ೧೯೬೨

ಅಕ್ಟೋಬರ್ ೩, ಬುಧವಾರ

ಪರೀಕ್ಷೆಯ ಪೇಪರು ಇನ್ನೂ ಹದಿನೇಳು. ಕೆಂಪು ಶಾಯಿ ತೀರಿತು. ರೇವಪ್ಪ ಮತ್ತೆ ಬಂದಿದ್ದ — ಈ ವಾರ ಎರಡನೆಯ ಸಲ. ಅದೇ ಮಾತು. ನಮ್ಮ ಮನೆಯವರ ಚೂರಿ ಬೇಕಂತೆ.

ಇವರು ಮೋಜಣಿ ಇಲಾಖೆಯಲ್ಲಿದ್ದಾಗ, ಡೇರೆ ಹಾಕಿಕೊಂಡು ಹೊಲಹೊಲ ಅಳೆಯುತ್ತ ತಿರುಗುವ ಕೆಲಸಕ್ಕೆಂದು ದೇವರ ಹಿಪ್ಪರಗಿಯ ಶಿಕಲಗಾರ ಮಶಾಕಸಾಬನಿಂದ ಮಾಡಿಸಿದ್ದು. ಮಿಲಿಟರಿ ಲಾರಿಯ ಕಮಾನುಪಟ್ಟಿ ಕಾಸಿ ಬಡಿದ ಗೇಣುದ್ದದ ಅಲಗು, ಜಿಂಕೆಕೊಂಬಿನ ಹಿಡಿ, ತೊಗಲಿನ ಒರೆ. ಇವರು ತೀರಿಹೋಗಿ ಎರಡು ವರ್ಷ. ಅಂದಿನಿಂದ ಟ್ರಂಕಿನಲ್ಲೇ ಇದೆ.

"ಮುನ್ನೂರು ಕೊಡ್ತೇನ್ರಿ ಬಾಯಾರ. ಟ್ರಂಕಿನ್ಯಾಗ ಇಟ್ಟು ಏನು ಅದಕ್ಕ ಜೋಗುಳ ಹಾಡ್ತೀರಿ?"

ಮುನ್ನೂರು. ನನ್ನ ಎರಡು ತಿಂಗಳ ಪಗಾರ. ಸಾಲೆಯ ಕಪಾಟು ತುಂಬ ಕವಿತೆಯ ಪುಸ್ತಕ ತರಿಸಬಹುದು... ಆಸೆಯಾಗಲಿಲ್ಲ ಎಂದು ಬರೆದರೆ ಸುಳ್ಳು.

ಯಾತಕ್ಕೆ ಬೇಕು ಎಂದೆ. ಹಟ್ಟಿಗೆ ತೋಳ ಬರುತ್ತವೆ ಅಂದ. ಏಳುವಾಗ ಕೇಳಿದ: "ಒರಿ ಸೈತ ಅಂಗಿ ಒಳಗ ಕೂಡ್ತೈತೇನ್ರಿ?"

ತೋಳ ಕಾಯುವವನಿಗೆ ಅಂಗಿಯೊಳಗಿನ ಚೂರಿ ಯಾಕೆ? ವಿಚಾರ ಮಾಡುತ್ತೇನೆ ಎಂದು ಕಳಿಸಿದೆ.

ಅಕ್ಟೋಬರ್ ೪

ಗುರವ್ವ ಇಂದು ಪದ್ಯ ಅನ್ನುತ್ತಾ ನಡುವೆಯೇ ನಿಂತುಬಿಟ್ಟಳು. ಎಂದೂ ನಿಂತವಳಲ್ಲ. ರೇವಪ್ಪನ ಅಣ್ಣ ಖಂಡೆಪ್ಪನ ಮಗಳು. ಸಾಲೆ ಬಿಟ್ಟ ಮೇಲೆ ಕೂರಿಸಿಕೊಂಡು ಕೇಳಿದೆ.

"ಕಾಕಾ ನಿನ್ನಿ ಬಾವಿಕಟ್ಟಿ ಮ್ಯಾಲ ನಿಂತು ಅಪ್ಪಗ ಅಂದಾನ್ರಿ... ಈ ನೀರು ಇನ್ನ ಮುಂದ ಒಬ್ಬನ ಕುಡಿಯಾಂವ ಅಂತ."

ಬಾವಿಯ ಪಾಲಿಗೆ ಅಣ್ಣತಮ್ಮಂದಿರು ಜಗಳಾಡುವುದು ಊರಿಗೇ ಗೊತ್ತು. ಈ ಮಾತು ಹೊಸದು.

ಚೂರಿ ಕೊಡುವುದಿಲ್ಲ. ಅವನಿಗಂತೂ ಇಲ್ಲ.

ಅಕ್ಟೋಬರ್ ೫

ನಿನ್ನೆ ಚೂರಿ ಹೊರಗೆ ತೆಗೆದು ನೋಡಿದೆ. ಎಷ್ಟು ಚೆಂದ! ಯಾರ ಕೈಗೆ ಹೋದರೂ ಇಷ್ಟೇ ಚೆಂದ ಇರುತ್ತದೆ — ಅದೇ ಭಯ.

ಬೆಳಿಗ್ಗೆ ಮಶಾಕಸಾಬ ಬಂದ. ಖಂಡೆನವಮಿ ಹತ್ತಿರ ಬಂತೆಂದರೆ ಮನೆಮನೆಯ ಕಬ್ಬಿಣ ಒಯ್ದು ಸಾಣೆ ಹಿಡಿದು ತರುತ್ತಾನೆ. ಚೀಟಿಯಿಲ್ಲ, ಲೆಕ್ಕವಿಲ್ಲ, ಬಾಯಿಮಾತು. ಈಳಿಗೆ, ಅಡಕೊತ್ತಿನ ಜೊತೆ ಚೂರಿಯನ್ನೂ ಇಟ್ಟೆ.

"ಇದರ ಧಾರಿ ತಗದುಬಿಡು. ಪೂರಾ ಮೊಂಡ ಮಾಡು."

"ಹಡದ ಕೂಸಿನ ಕಾಲು ಮುರಿ ಅಂತೀರಲ್ರಿ ಬಾಯಾರ!" ನಕ್ಕ. ನನ್ನ ಮುಖ ನೋಡಿ ನಗೆ ನಿಲ್ಲಿಸಿದ. "ಆತ್ರಿ. ಹಬ್ಬದ ಗದ್ದಲ ಮುಗೀಲಿ, ಸಾವಕಾಶ ಮಾಡಿಡ್ತೇನಿ. ನೀವ ಬಂದು ಒಯ್ಯಿರಿ."

ಮನೆ ಹಗುರಾಯಿತು.

ಅಕ್ಟೋಬರ್ ೮, ವಿಜಯದಶಮಿ

ಸಂಜೆ ಬನ್ನಿ ಕೊಡಲು ಓಣಿಯೆಲ್ಲ ಬಂತು. ರೇವಪ್ಪನೂ. ವೈರಿ ತಂದರೂ ಬನ್ನಿಗೆ ಕೈ ಹಿಂದೆಳೆಯುವ ರೂಢಿ ನಮ್ಮಲ್ಲಿಲ್ಲ. ಒಡ್ಡಿದೆ. ಎರಡೂ ಕೈಯಿಂದ ಹಿಡಿಯಷ್ಟು ಎಲೆ ಇಟ್ಟು ನನ್ನ ಬೆರಳು ತಾನೇ ಮುಚ್ಚಿದ.

"ಬಂಗಾರ ತಗೊಂಡು ಬಂಗಾರದಂಗ ಇರೂಣ್ರಿ."

ಹೊಸ್ತಿಲಾಚೆ ಅವನ ಕಡೆಯವರಿಬ್ಬರು. ಒಳಗೆ ಬರಲಿಲ್ಲ. ನೋಡುತ್ತ ನಿಂತಿದ್ದರು.

ಹೋದ ಮೇಲೆ ಎಲೆ ಬಿಡಿಸಿದರೆ ನಡುವೆ ಒಂದು ರೂಪಾಯಿ. ಅಡುಗೆಯ ಲಕ್ಕವ್ವ ಹಣೆ ಗಂಟಿಕ್ಕಿದಳು. "ಬನ್ಯಾಗ ಯಾರರ ರೊಕ್ಕ ಇಡ್ತಾರೇನ್ರಿ ಅವ್ವಾರ? ಎತ್ತಿನ ಯಾಪಾರ ಮಾಡಿದಾಂಗ!"

ನಾಳೆ ಹಿಂದಕ್ಕೆ ಕಳಿಸಬೇಕು.

ಅಕ್ಟೋಬರ್ ೧೨, ಶುಕ್ರವಾರ

ಮೂರು ದಿನ ಜ್ವರ. ರೂಪಾಯಿ ಗೂಡಿನಲ್ಲೇ ಉಳಿಯಿತು.

ಇಂದು ಬೆಳಗಿನ ಬಸ್ಸಿಗೆ ಹಿಪ್ಪರಗಿಗೆ ಹೋದೆ. ಮೊಂಡಾದ ಚೂರಿ ತಂದು ಇಟ್ಟುಕೊಳ್ಳುವುದು, ಯಾರಿಗೂ ಮಾರುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡೇ ಹೋಗಿದ್ದೆ. ಮಶಾಕಸಾಬ ಬೆರಗಾದ.

"ರೇವಪ್ಪಗೌಡ್ರು ಮೊನ್ನೇನ ಒಯ್ದ್ರಲ್ರಿ! ಹಬ್ಬದ ಮುಂದ ಅವರ ಕಬ್ಬಿಣ ಒಯ್ದಾಗ ಚೂರಿ ನನ್ನ ಕಡೆ ಐತಿ ಅಂದಿದ್ದೆ. ಬಾಯಾರು ಸಂಚಕಾರ ಹಿಡದಾರ, ಬನ್ಯಾಗ ಇಟ್ಟು ಕೊಟ್ಟೀನಿ ಅಂದ್ರು. ಕಣ್ಣೀಲೆ ಕಂಡವರು ಇಬ್ರು ಸಂಗಾಟ ಬಂದಿದ್ರು. ಸುಳ್ಳೇನ್ರಿ?"

ಸಂಚಕಾರ ಅಂದರೆ ಮುಂಗಡ; ಅದನ್ನು ಹಿಡಿದ ಮೇಲೆ ಮಾಲು ಕೊಂಡವನದು. ಇಲ್ಲಿ ಮಕ್ಕಳಿಗೂ ಗೊತ್ತು. ಎಮ್.ಎ. ಓದಿದ ನನಗೆ ಹೊಳೆಯಲಿಲ್ಲ. ಹಿಡಿದದ್ದು ಸುಳ್ಳಲ್ಲ. ನಾಲ್ಕು ದಿನ ಇಟ್ಟುಕೊಂಡದ್ದೂ ಸುಳ್ಳಲ್ಲ.

"ಮೊಂಡ ಮಾಡಿದ್ದಿ?"

ತಲೆ ತಗ್ಗಿಸಿದ. "ಅವರ ಇಲ್ಲೇ ಕುಂತು ಸಾಣಿ ಹಿಡಿಸ್ಕೊಂಡ್ರು."

ತಿರುಗಿ ಬಂದವಳು ನೇರ ಖಂಡೆಪ್ಪನ ಮನೆಗೆ. ಎಲ್ಲ ಹೇಳಿದೆ. ಅವನ ಮುಖ ಬಿಗಿಯಿತು — ನನ್ನ ಮೇಲೆ.

"ಬನ್ನಿ ದಿನ ತಮ್ಮ ಬಂದು ಕಾಲಿಗೆ ಬಿದ್ದಾನ್ರಿ. ಹತ್ತ ವರ್ಷದಾಗ ಮೊದಲನೇ ಸಲ. ಹೊತ್ತಿದ ಬೆಂಕಿ ಆರೈತಿ, ನೀವು ಊದಬ್ಯಾಡ್ರಿ ಬಾಯಾರ."

ಗುರವ್ವ ಚಹಾ ತಂದಳು. ಕುಡಿಯದೆ ಬಂದೆ.

ಅಕ್ಟೋಬರ್ ೧೩

ಠಾಣೆಗೆ ಹೋಗಿ ಫೌಜದಾರರನ್ನು ಕಂಡೆ. ಕುರ್ಚಿ ಕೊಟ್ಟರು, ಗೌರವದಿಂದಲೇ ಮಾತಾಡಿದರು.

"ಚೂರಿ ಮಾರಿದವರು ನೀವು. ಕೊಂಡಾಂವ ಮನ್ಯಾಗ ಇಟ್ಟಾನ. ನಾ ಏನಂತ ಬರಕೊಳ್ಳಲ್ರಿ? ಏನರ ಆತಂದ್ರ ಬರ್ರಿ."

ಏನರ ಆತಂದ್ರ.

ರೇವಪ್ಪನ ಮನೆಗೂ ಹೋದೆ, ರೂಪಾಯಿ ಹಿಡಿದುಕೊಂಡು. ಬಸವನ ಬಾಗೇವಾಡಿಗೆ ಹೋಗಿದ್ದಾನಂತೆ. ಹೆಂಡತಿ ರೂಪಾಯಿ ಮುಟ್ಟಲಿಲ್ಲ. ಬಾಗಿಲಿಗೆ ಅಡ್ಡ ನಿಂತೇ ಇದ್ದಳು. ಸಂಜೆ ಪುಸ್ತಕ ತೆರೆದೆ. ಒಂದೇ ಪುಟ, ಆರು ಸಲ.

ಅಕ್ಟೋಬರ್ ೧೪, ಭಾನುವಾರ. ಸಂಜೆ ಐದೂಮುಕ್ಕಾಲು

ಅರ್ಧ ತಾಸಿನ ಹಿಂದೆ ಗುರವ್ವ ಬಂದಳು. ಕೈಯಲ್ಲಿ ಲಕೋಟೆ. "ಕಾಕಾ ಕೊಟ್ಟಾನ್ರಿ. ಚೂರೀದು ಉಳಿದ ರೊಕ್ಕ ಅಂತ. ತಾ ಬಂದು ಕರ್ಕೊಂಡು ಹೋಗೂತನ ಇಲ್ಲೇ ಕುಂದ್ರು ಅಂದಾನ." ಮುಖದ ತುಂಬ ನಗು. ಕಾಕಾ ಬಾಗೇವಾಡಿಯಿಂದ ಅವಳಿಗೆ ರಿಬ್ಬನ್ ತಂದಿದ್ದಾನೆ.

"ಅಪ್ಪ ಎಲ್ಲಿ?"

"ಇಬ್ರೂ ಕೂಡಿ ಬಾವಿಗೆ ಹೋಗ್ಯಾರ್ರಿ. ನೀರಿನ ಪಾಳಿ ಹಚ್ಚತಾರಂತ."

ಲಕ್ಕವ್ವನನ್ನು ಠಾಣೆಗೆ ಓಡಿಸಿದೆ. ಎದುರುಮನೆಯ ಫಕೀರಸಾಬ ಸೈಕಲ್ ಹತ್ತಿ ಬಾವಿಯ ಕಡೆ ಹೋದ. ಎರಡು ಮೈಲು. ಇನ್ನೂ ಬಂದಿಲ್ಲ, ಯಾರೂ ಬಂದಿಲ್ಲ. ಹುಡುಗಿಯನ್ನು ಬಿಟ್ಟು ಹೋಗಲಾರೆ. ಕರೆದುಕೊಂಡೂ ಹೋಗಲಾರೆ. ಅವಳಿಗೆ ಏನೂ ಹೇಳಿಲ್ಲ. ಕನ್ನಡಿಯ ಮುಂದೆ ಹೆರಳು ಬಿಚ್ಚಿಕೊಂಡು ಕೂತಿದ್ದಾಳೆ. ಕಾಯುವುದೊಂದೇ ಉಳಿದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಬಾಗಿಲ ಕಟ್ಟೆಯ ಹತ್ತಿರ ಚಪ್ಪಲಿ ಬಿಟ್ಟ ಸಪ್ಪಳ. ಒಂದೇ ಜೊತೆ.

ಗುರವ್ವ ಕಿಟಕಿಗೆ ಓಡಿದಳು. "ಕಾಕಾ ಬಂದಾನ್ರಿ!" ಆಮೇಲೆ, ಸಣ್ಣ ದನಿಯಲ್ಲಿ — "ಕಾಕಾ, ಅಂಗಿ ಯಾಕ ತೊಯ್ದೈತಿ..."

ನಾನು ಎದ್ದು ಅವಳನ್ನು ಕಿಟಕಿಯಿಂದ ಈಚೆ ಎಳೆದುಕೊಳ್ಳಬೇಕು.