ಏಳನೇ ಹೋಲ್‌ಗೆ ಕನ್ನಡಿ ಕೇಳಿದ ದಿನ

ಸಂಡೂರು, ಫೆಬ್ರವರಿ 30, 2318

ಮುನ್ನೂರು ವರ್ಷ ಹಿಂದಿರುವ ಗಾಲ್ಫ್ ಗೆಳೆಯರೇ,

ದಿನಾಂಕ ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಮಾತು ವಿಚಿತ್ರ ಅನಿಸಿದರೆ ಬೇಜಾರು ಮಾಡಿಕೊಳ್ಳಬೇಡಿ. ನಾನು ಬರೆಯಲು ಕಲಿತಿದ್ದೇ ಚಾಟ್ ಥ್ರೆಡ್‌ಗಳಲ್ಲಿ. ಆದರೆ ಇವತ್ತು ನಡೆದದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ನಿಮ್ಮ ಕಾಲದ ಅದಿರು ಗಣಿಯೊಳಗೆ ನಮ್ಮೂರ ಹುಲಿಗೆಮ್ಮಕ್ಕ ಕಟ್ಟಿದ ಗಾಲ್ಫ್ ಮೈದಾನವೇ ಕೆಂಪುಗುಂಡಿ. ಹುಲ್ಲಿಲ್ಲ, ಚೆಂಡನ್ನು ಕುಳಿಗೆ ಉರುಳಿಸುವ ಗ್ರೀನ್ ಎಂದರೆ ಎಣ್ಣೆ ಹಾಕಿ ಒತ್ತಿದ ಕೆಮ್ಮಣ್ಣು. ಮೈದಾನಗಳಿಗೆ ಅಂಕ ಕೊಡುವ ತೀರ್ಪುಗಾರರು ಪಾಸು ಮಾಡದಿದ್ದರೆ ಇಡೀ ಗುಂಡಿಗೆ ನೀರು ತುಂಬಿಸಿ ಕೆರೆ ಮಾಡುತ್ತಾರೆ. ಏಳನೇ ಹೋಲ್‌ನ ಗ್ರೀನ್ ದಿಬ್ಬದ ಹಿಂದೆ ಅಡಗಿದೆ, ಹೊಡೆಯುವವರಿಗೆ ಕಾಣಿಸುವುದಿಲ್ಲ. ಅದಕ್ಕೇ ಮುಖ್ಯ ತೀರ್ಪುಗಾರ ಜಂಬಣ್ಣನವರು ‘ಅನ್ಯಾಯದ ವಿನ್ಯಾಸ’ ಎಂದು ಅಂಕ ಕಿತ್ತು ನಮ್ಮನ್ನು ಫೇಲು ಮಾಡಿದರು. ಹೋದ ವರ್ಷ ಕಡಲತೀರದ ಅಲೆಬಯಲು ಮೈದಾನದಲ್ಲಿ ಇಂಥದ್ದೇ ಗ್ರೀನ್ ನೋಡಿ ‘ಎಂಥ ಕುತೂಹಲ’ ಎಂದು ಹೊಗಳಿದವರೂ ಅವರೇ!

ನಮ್ಮಲ್ಲಿ ‘ಕನ್ನಡಿ ಕೇಳುವುದು’ ಎಂಬ ಪದ್ಧತಿಯಿದೆ. ತೀರ್ಪು ಎರಡು ಕಡೆ ಎರಡು ಥರ ಇದ್ದರೆ ಯಾರು ಬೇಕಾದರೂ ಎದ್ದು ಕೇಳಬಹುದು. ಆದರೆ ಕೇಳಿದವರೇ ಒಂದು ನಿಯಮ ಹೇಳಬೇಕು, ಅದು ಎಲ್ಲ ಮೈದಾನಗಳಿಗೂ ಅನ್ವಯಿಸುತ್ತದೆ. ನಮ್ಮವರ ಚಾಟ್ ಥ್ರೆಡ್ ತುಂಬ ‘ಅಡಗಿದ ಗ್ರೀನ್ ತಪ್ಪೇ ಅಲ್ಲ ಅಂದ್ಬಿಡು, ಗೆದ್ವಿ’ ಎಂದು ಕುಣಿದಾಟ. ತೀರ್ಪಿನ ಸಭೆಯಲ್ಲಿ ನಾನು ಎದ್ದು ನಿಂತೆ. ಜಂಬಣ್ಣನವರು ನಕ್ಕರು: ‘ಏ ತಮ್ಮಾ, ನಿಮ್ಮ ಮೈದಾನದ ಅಳತಿ ತಗೊಂಡು ನಿಯಮ ಹೊಲ್ಯಾಕ ಬಂದೀಯೇನು?’ ಪಕ್ಕದಲ್ಲಿದ್ದ ಹುಲಿಗೆಮ್ಮಕ್ಕ ನನ್ನ ಅಂಗಿ ಜಗ್ಗಿ, ‘ನಮ್ದು ಮುಳುಗಿದ್ರ ಮುಳುಗ್ಲಿ, ಸರಿ ಇರೋದು ಹೇಳಲೇ’ ಅಂದಳು.

ಹೇಳಿದೆ: ‘ಗ್ರೀನ್ ಅಡಗಿರ್ಲಿ ರೀ. ಆದ್ರ ಮುಂದ ಇರೋರಿಗೆ ಚೆಂಡು ಬಡೀದಂಗ ಏನಾರ ವ್ಯವಸ್ಥಾ ಇರಬೇಕು.’

ಅಲೆಬಯಲಿನಲ್ಲಿ ಅಂಥದ್ದೇನೂ ಇಲ್ಲ, ಅವರ ಅಂಕ ಹೋಯಿತು. ನಮ್ಮ ಏಳನೆಯದರಲ್ಲಿ ಗ್ರೀನ್ ಬಿಟ್ಟು ಹೊರಡುವವರು ಗಂಟೆ ಬಾರಿಸಿದ ಮೇಲೆಯೇ ಹಿಂದಿನವರು ಹೊಡೆಯುತ್ತಾರೆ, ಕಿತ್ತ ಅಂಕ ವಾಪಸ್ ಬಂತು. ಅಷ್ಟರಲ್ಲಿ ಜಂಬಣ್ಣನವರು, ‘ನಿಮ್ಮ ಹನ್ನೆರಡನೇದ್ರಾಗ ಗಂಟಿ ಎಲ್ಲೈತಪಾ?’ ಅಂದರು. ಇಲ್ಲ. ಅಲ್ಲೂ ಗ್ರೀನ್ ಅಡಗಿದೆ, ಅದುವರೆಗೆ ಯಾರೂ ಗಮನಿಸಿರಲಿಲ್ಲ ಅಷ್ಟೇ. ಅಂಕ ನಮ್ಮದೂ ಹೋಯಿತು. ಅಂಕಗಳನ್ನು ಮತ್ತೆ ಕೂಡಿ ನೋಡಿದರು. ಕೂದಲೆಳೆಯಲ್ಲಿ ಪಾಸು. ಕೆಂಪುಗುಂಡಿ ಉಳಿಯಿತು, ಗೆಳೆಯರೇ, ಅದೂ ಯಾರೂ ಬೆರಳು ತೋರಿಸಲಾಗದ ಹಾಗೆ.

ನಿಮ್ಮಲ್ಲೊಂದು ಕೋರಿಕೆ. ನಿಮ್ಮ ಥ್ರೆಡ್‌ಗಳು ನಮಗೆ ಸಿಕ್ಕಿವೆ. ಮೈದಾನಗಳ ಬಗ್ಗೆ ಬರೀ ‘ಸೂಪರ್’, ‘ವೇಸ್ಟ್’ ಎಂದು ಬರೆದು ಹೋಗಿದ್ದೀರಿ. ಯಾಕೆ ಎಂದು ಒಂದು ಸಾಲು ಸೇರಿಸಿ. ನಾವು ಓದುತ್ತಿದ್ದೇವೆ.

ನಿಮ್ಮ,
ಗಾದಿಲಿಂಗ