ನನ್ನ ಲೇಖನ, ಸುಧೀಂದ್ರನ ಹೆಸರು

ನವೆಂಬರ್ ೮, ಶನಿವಾರ. ರಾಚೆಸ್ಟರ್ ಹಿಲ್ಸ್.

ಮೈಯೆಲ್ಲ ಉರೀತಿದೆ. ಕನ್ನಡ ಕೂಟದ ರಾಜ್ಯೋತ್ಸವ ಸಂಚಿಕೆ ಇವತ್ತು ಸಮಾರಂಭದಲ್ಲಿ ಕೈಗೆ ಬಂತು. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಲೇಖಕಿಯರು ಯಾಕೆ ಗಂಡಸರ ಕಾವ್ಯನಾಮ ಇಟ್ಟುಕೊಂಡರು ಅಂತ ಬೇಸಿಗೆಯೆಲ್ಲ ಕೂತು ಬರೆದೋಳು ನಾನು. ಕೆಳಗೆ ಅಚ್ಚಾಗಿರೋದು ನನ್ನ ಗಂಡ ಸುಧೀಂದ್ರನ ಹೆಸರು! ಕಾಲೇಜಲ್ಲಿ ಇದನ್ನೇ ಪಾಠ ಮಾಡ್ತೀನಿ ನಾನು. ಅವನು ಬ್ರೇಕ್ ಪ್ಯಾಡ್ ಡಿಸೈನ್ ಮಾಡೋನು, ಒಂದು ಕಾದಂಬರೀನೂ ಮುಗಿಸಿದೋನಲ್ಲ.

ಸಂಪಾದಕರು ಪ್ರಹ್ಲಾದ್ ಅಂಕಲ್. ಅಲ್ಲೇ ಹಿಡಿದು ಕೇಳಿದೆ. "ನಿಮ್ಮ ಫ್ಯಾಮಿಲಿ ಮೆಂಬರ್‌ಶಿಪ್ ಅವರ ಹೆಸರಲ್ಲಿದೆಯಲ್ಲಮ್ಮ, ಅದನ್ನೇ ಹಾಕಿದ್ವಿ" ಅಂದ್ರು. ಲೇಖನದ ಒಂದು ಸಾಲಾದ್ರೂ ಓದಿದ್ರೆ ಹಾಗೆ ಹಾಕೋಕೆ ಕೈ ಬರ್ತಿತ್ತಾ?

ಇವನೋ, ಊಟದ ಸಾಲಲ್ಲಿ ಬಿಸಿಬೇಳೆಬಾತ್ ತಟ್ಟೆ ಹಿಡ್ಕೊಂಡು, ಲೇಖನ ಹೊಗಳಿದೋರಿಗೆಲ್ಲ "ಥ್ಯಾಂಕ್ಯೂ, ಥ್ಯಾಂಕ್ಯೂ" ಅಂತಿದ್ದ. ಕಾರಲ್ಲಿ ಬೈದ್ರೆ, "ಹೋಗ್ಲಿ ಬಿಡೇ, ಆ ಕಾಲದ ಹೆಂಗಸರೂ ಹೀಗೇ ಗಂಡಸಿನ ಹೆಸರಲ್ಲಿ ಬರೀತಿದ್ರು ಅಂತ ನೀನೇ ಬರ್ದಿದೀಯಲ್ಲ" ಅಂದ.

ಬರೀತಿದ್ರು, ನಿಜ. ಆದ್ರೆ ಆ ಹೆಸರಿನ ಗಂಡಸನ್ನ ಅವರೇ ಕಲ್ಪಿಸಿಕೊಂಡಿದ್ರು. ಊಟದ ಸಾಲಲ್ಲಿ ನಿಂತು ಥ್ಯಾಂಕ್ಯೂ ಹೇಳೋಕೆ ಅವನು ಬರ್ತಿರಲಿಲ್ಲ.